ಡೀನ್ ಕಾಡಿನ ಹುಟ್ಟುಹಕ್ಕು

ವಿರಾಜಪೇಟೆ

ತಿತಿಮತಿಯಲ್ಲಿ ಮರ ಅಳೆಯುವ ಫಾರೆಸ್ಟರೊಬ್ಬ ಇಂಗ್ಲೆಂಡಿಗೆ ಹೋಗಬೇಕಾದರೆ ಮೇಲಿನವರಲ್ಲಿ ಯಾರಿಗಾದರೂ ಸೊಂಟ ಹಿಡಿಯಬೇಕು. ನನ್ನ ಪುಣ್ಯಕ್ಕೆ ನಮ್ಮ ಸಾಹೇಬರಿಗೆ ಹಿಡಿಯಿತು. ಯುದ್ಧದ ಕಾಲದಲ್ಲಿ ಕಡಿದು ಬೋಳಾದ ಕಾಡನ್ನು ಅಲ್ಲಿಯವರು ಮತ್ತೆ ಹೇಗೆ ಬೆಳೆಸುತ್ತಿದ್ದಾರೆ ಎಂದು ನೋಡಿ ಬರಲು ಕೊಡಗು ರಾಜ್ಯದಿಂದ ಒಬ್ಬರು ಹೋಗಬೇಕೆಂದು ತೀರ್ಮಾನವಾಗಿತ್ತು. ಸಾಹೇಬರು ಉಣ್ಣೆಯ ಕೋಟು ಹೊಲಿಸಿಕೊಂಡು, ನಾಲ್ಕು ಜನರಿಗೆ ಹೇಳಿಕೊಂಡು, ಹೊರಡುವ ಹದಿನೈದು ದಿನ ಮುಂಚೆ ಜೀಪಿನಿಂದ ಇಳಿಯುವಾಗ ಸೊಂಟ ಉಳುಕಿಸಿಕೊಂಡರು. ಬದಲಿಗೆ ಯಾರು ಎಂಬ ಪ್ರಶ್ನೆ ಬಂತು. ಯುದ್ಧದ ವರ್ಷಗಳಲ್ಲಿ ತಿತಿಮತಿಯಿಂದ ಮಾಕುಟ್ಟದವರೆಗೆ ಸೈನ್ಯಕ್ಕೆಂದು, ರೈಲಿನ ಸ್ಲೀಪರಿಗೆಂದು ಹೋದ ಮರಗಳಲ್ಲಿ ಬಹುಪಾಲು ನನ್ನ ಕೈಯ ಟೇಪನ್ನು ದಾಟಿಯೇ ಹೋಗಿದ್ದವು. ಕಡಿಯುವಾಗ ಇದ್ದವನೇ ಬೆಳೆಸುವುದನ್ನೂ ಕಲಿಯಲಿ ಎಂದು ಯಾರೋ ಅಂದರಂತೆ. ಅದು ಹೊಗಳಿಕೆಯೋ ಶಿಕ್ಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಾಹೇಬರ ಕೋಟು ನನಗೇ ಬಂತು. ತೋಳು ನಾಲ್ಕು ಬೆರಳು ಉದ್ದ. ವಿರಾಜಪೇಟೆಯ ದರ್ಜಿ ಅದನ್ನು ಮಡಿಸಿ ಹೊಲಿಯುತ್ತಾ, ಆ ಊರಿನ ಚಳಿಗೆ ಬೆರಳೂ ಒಳಗೇ ಇರುವುದು ಒಳ್ಳೆಯದಲ್ಲವೇ ಎಂದು ಕೇಳಿದ. ಬೆರಳು ಒಳಗಿದ್ದರೆ ಟೇಪು ಹಿಡಿಯುವುದು ಹೇಗೆ ಎಂದೆ. ನನ್ನ ಹೆಂಡತಿ ಒಂದು ಡಬ್ಬಿ ಕಾಫಿಪುಡಿ, ಒಂದು ಗಂಟು ಕರಿಮೆಣಸು, ಒಂದು ಶೀಶೆ ಜೇನು ಕಟ್ಟಿದಳು. ಇಂಗ್ಲೆಂಡಿನವರು ನಮ್ಮ ಬೆಟ್ಟಕ್ಕೆ ಬಂದು ಕಾಫಿ ಹಾಕಿ ಹೋದವರು, ಅವರಿಗೇ ಕಾಫಿ ಹೊತ್ತುಕೊಂಡು ಹೋಗುವುದೇ ಎಂದು ನಾನು ನಗಾಡಿದೆ. ಅವರು ಹಾಕಿ ಹೋದರು, ಕುಡಿಯಲು ಕಲಿತರೋ ಇಲ್ಲವೋ ನೋಡಿಕೊಂಡು ಬನ್ನಿ ಎಂದಳು.

ಮೊದಲ ದಿನ

ಹಡಗಿನ ಬಗ್ಗೆ ಹೇಳಲು ಏನೂ ಇಲ್ಲ. ಜೊತೆಯವರು ಸಮುದ್ರ ನೋಡಿದರು, ನಾನು ಮಲಗಿ ತಲೆಯ ಮೇಲಿನ ಮಾಡು ನೋಡಿದೆ. ಲಂಡನ್ನನ್ನು ರೈಲಿನ ಕಿಟಕಿಯಿಂದ ಕಂಡೆ. ಕೊನೆಗೆ ಒಂದು ಮಧ್ಯಾಹ್ನ ಬಸ್ಸು ನನ್ನನ್ನು ಡೀನ್ ಕಾಡಿನ ನಡುವೆ ಇಳಿಸಿ ಹೋಯಿತು.

ಇಂಗ್ಲೆಂಡ್ ಮುಗಿದು ವೇಲ್ಸ್ ಶುರುವಾಗುವಲ್ಲಿ ಎರಡು ನದಿಗಳ ನಡುವೆ ಎದ್ದ ಗುಡ್ಡಗಾಡು ಇದು. ಹೆಸರಿಗೆ ಕಾಡು, ಆದರೆ ನಾನು ನಿಂತ ಕಡೆಯಿಂದ ಕಂಡದ್ದು ಬುಡಗಳು. ದೊಡ್ಡ ದೊಡ್ಡ ಓಕ್ ಮರಗಳ ಬುಡಗಳು, ಗುಡ್ಡದ ತುದಿಯವರೆಗೂ, ಮಳೆಯಲ್ಲಿ ನೆನೆದು ಕಪ್ಪಾಗಿ ಕೂತಿದ್ದವು. ತಿತಿಮತಿಯ ಮೇಲಿನ ಗುಡ್ಡವೂ ಯುದ್ಧ ಮುಗಿದ ವರ್ಷ ಹೀಗೆಯೇ ಇತ್ತು. ಸಾವಿರಾರು ಮೈಲಿ ಬಂದು ನನ್ನ ಕೈಯ ಕೆಲಸವನ್ನೇ ನೋಡಿದ ಹಾಗಾಯಿತು.

ಆದರೆ ನಮ್ಮಲ್ಲಿಲ್ಲದ ಇನ್ನೊಂದು ಸಂಗತಿ ಇಲ್ಲಿತ್ತು. ಈ ಕಾಡಿನ ಹೊಟ್ಟೆಯೊಳಗೆ ಕಲ್ಲಿದ್ದಲು. ಮರದ ನಡುನಡುವೆ ಗಣಿಯಿಂದ ತೆಗೆದು ಸುರಿದ ಕರಿಮಣ್ಣಿನ ದಿಬ್ಬಗಳು, ಕೆಲವು ನಮ್ಮ ಗದ್ದೆಬದಿಯ ಹುತ್ತದಷ್ಟು, ಕೆಲವು ವಿರಾಜಪೇಟೆಯ ಚರ್ಚಿಗಿಂತ ಎತ್ತರ. ಹಳೆಯ ದಿಬ್ಬಗಳ ಮೇಲೆ ಬಿಳಿ ತೊಗಟೆಯ ಸಪೂರ ಮರಗಳು ತಾವಾಗಿಯೇ ಹುಟ್ಟಿದ್ದವು. ಯುದ್ಧದಲ್ಲಿ ಮದ್ದುಗುಂಡು ಪೇರಿಸಿಡಲು ಹಾಕಿದ ಕಾಂಕ್ರೀಟು ಹಾಸುಗಳು ಖಾಲಿ ಬಿದ್ದಿದ್ದವು, ಅವುಗಳ ಮೇಲೆ ಒಂದು ಮನೆಯವರು ಬಟ್ಟೆ ಒಣಗಿಸಲು ಹಗ್ಗ ಕಟ್ಟಿದ್ದರು. ಸಿಪಾಯಿಗಳಿದ್ದ ತಗಡಿನ ಗೂಡುಗಳಲ್ಲಿ ಈಗ ಸಂಸಾರಗಳಿದ್ದವು. ಮತ್ತು ಎಲ್ಲ ಕಡೆ, ಬುಡಗಳ ಸಂದಿಯಲ್ಲಿ, ಮೊಣಕಾಲೆತ್ತರದ ಸೂಜಿಯೆಲೆಯ ಹೊಸ ಲಾರ್ಚ್ ಗಿಡಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ನನಗೆ ಇರಲು ಗೊತ್ತುಮಾಡಿದ್ದು ಆಲ್ಬರ್ಟ್ ಎಂಬ ಅರುವತ್ತೈದು ದಾಟಿದ ಗಣಿಗಾರರ ಮನೆ. ಮೊದಲ ದಿನವೇ ನಾನು ಅವರನ್ನು ಮನಸ್ಸಿನಲ್ಲಿ ಆಲ್ಬರ್ಟಜ್ಜ ಎಂದು ಕರೆದುಬಿಟ್ಟೆ, ಅವರ ಹೆಂಡತಿ ಎಡಿತಮ್ಮ ಆದರು. ಕುಶಾಲಪ್ಪ ಎಂಬ ನನ್ನ ಹೆಸರು ಅವರ ಬಾಯಲ್ಲಿ ಕುಶ್ ಆಯಿತು. ಅವರ ಇಂಗ್ಲಿಷು ರೇಡಿಯೋದ ಇಂಗ್ಲಿಷಲ್ಲ. ಎರಡು ದಿನ ಒಂದು ಮಾತೂ ತಿಳಿಯಲಿಲ್ಲ, ಮೂರನೆಯ ದಿನ ಕಿವಿ ತೆರೆಯಿತು. ನಮ್ಮ ಕಡೆಯವರು ಮಾತುಮಾತಿಗೆ ಮಾರಾಯ ಅನ್ನುವ ಹಾಗೆ ಅವರಿಗೂ ಒಂದು ಪದ ಉಂಟು, ಗಣಿಯೊಳಗೆ ಜೊತೆಗೆ ದುಡಿಯುವವನನ್ನು ಕರೆಯುವ ಪದ. ಆದ್ದರಿಂದ ಅವರ ಮಾತನ್ನು ವಿರಾಜಪೇಟೆ ಸಂತೆಯ ಕನ್ನಡದಲ್ಲೇ ಹೇಳುತ್ತೇನೆ, ಅದೇ ಹೆಚ್ಚು ಸರಿ.

ಹೋದ ದಿನವೇ ನನ್ನಿಂದ ಒಂದು ಅನಾಹುತವಾಯಿತು. ಅಲ್ಲಿ ಕುರಿಗಳನ್ನು ಕಟ್ಟುವುದಿಲ್ಲ, ಕಾಯುವುದೂ ಇಲ್ಲ. ಅವು ಕಾಡು, ರಸ್ತೆ, ಅಂಗಡಿ ಬಾಗಿಲು ಎಲ್ಲ ಕಡೆ ತಮ್ಮಪ್ಪನ ಮನೆಯೆಂಬಂತೆ ತಿರುಗುತ್ತವೆ. ಮನೆಯವರೇ ಬೇಲಿ ಭದ್ರ ಮಾಡಿಕೊಂಡು ಬದುಕಬೇಕು. ನಮ್ಮೂರಲ್ಲಿ ಬೇಲಿ ಬಾಗಿಲಿನ ಉಣುಗೋಲು ಸರಿಸಿ ಬಂದವನು ಮತ್ತೆ ಹಾಕದೆ ಹೋದರೆ ದನ ಒಳಗೆ ಬರುತ್ತದೆ ಎಂದು ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದವನು ನಾನು. ಆದರೂ ಎರಡು ಕೈಯಲ್ಲಿ ಪೆಟ್ಟಿಗೆ ಹಿಡಿದಿದ್ದೆನಲ್ಲ, ಗೇಟು ಹಾಕಲಿಲ್ಲ. ಚಹಾ ಕುಡಿದು ಹೊರಗೆ ಬರುವಾಗ ಏಳು ಕುರಿಗಳು ಆಲ್ಬರ್ಟಜ್ಜನ ಎಲೆಕೋಸಿನ ಪಾತಿಯನ್ನು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದವು. ಅಜ್ಜ ಪಾತಿಯನ್ನೂ ನನ್ನನ್ನೂ ನೋಡಿ, ಆನೆ ಇರುವ ಊರಿನವನಿಗೆ ಕುರಿ ಕಣ್ಣಿಗೆ ಕಾಣಲಿಕ್ಕಿಲ್ಲ ಎಂದರು. ಅಷ್ಟೇ. ಆದರೆ ಮುಂದಿನ ಒಂದು ವಾರ ಎಡಿತಮ್ಮ ಊಟಕ್ಕೆ ಬಡಿಸುವಾಗಲೆಲ್ಲ ತರಕಾರಿ ಇಲ್ಲದ್ದನ್ನು ನೆನಪಿಸುತ್ತಿದ್ದರು.

ಗುಡ್ಡದ ಬುಡದ ಬಾಗಿಲು

ಹಗಲು ನಾನು ನೆಡುತೋಪುಗಳಲ್ಲಿ ತಿರುಗುತ್ತಿದ್ದೆ. ಬೆಳೆದ ಲಾರ್ಚ್ ಮರಗಳನ್ನು ಕಡಿದು, ತೊಗಟೆ ತೆಗೆದು, ಗಣಿಯ ಮಾಡಿಗೆ ಆನಿಕೆ ಕೊಡುವ ಗೂಟ ಮಾಡುತ್ತಿದ್ದರು. ಎಳೆಯಲು ಕುದುರೆ. ನಮ್ಮಲ್ಲಿ ಆನೆ ಎಳೆಯುತ್ತದೆ ಎಂದರೆ ಕೆಲಸದವರು ಕೊಡಲಿ ಕೆಳಗಿಟ್ಟು ಕೇಳುತ್ತಿದ್ದರು. ಆನೆ ಮಧ್ಯಾಹ್ನ ಕೆಲಸ ನಿಲ್ಲಿಸಿ ಹೊಳೆಗೆ ಹೋಗಿ ಮಲಗುತ್ತದೆ ಎಂದಾಗ, ತಮ್ಮ ಕಾರ್ಮಿಕ ಸಂಘಕ್ಕೂ ಆನೆಯೇ ಅಧ್ಯಕ್ಷನಾಗಬೇಕು ಎಂದರು.

ಒಂದು ದಿನ ಆಲ್ಬರ್ಟಜ್ಜ ತಮ್ಮ ಗಣಿ ತೋರಿಸಲು ಕರೆದುಕೊಂಡು ಹೋದರು. ಗಣಿ ಎಂದರೆ ಚಕ್ರ, ಚಿಮಣಿ, ಸೈರನ್ನು ಎಂದುಕೊಂಡಿದ್ದೆ. ಗುಡ್ಡದ ಬುಡದಲ್ಲಿ ಒಂದು ಮರದ ಬಾಗಿಲು, ಅದಕ್ಕೆ ಕೋಳಿಗೂಡಿಗೆ ಹಾಕುವಂಥ ಚಿಲಕ. ಅಜ್ಜ, ಅವರ ಒಬ್ಬ ಜೊತೆಗಾರ, ಒಂದು ಸಣ್ಣ ತಳ್ಳುಬಂಡಿ, ಅಷ್ಟೇ ಗಣಿ. ಬಗ್ಗಿಕೊಂಡು ಒಳಗೆ ಹೋಗಬೇಕು. ನಾನು ಕುಳ್ಳ, ಇಲ್ಲಿಯಾದರೂ ಅದು ಉಪಯೋಗಕ್ಕೆ ಬಂತಲ್ಲ ಎಂದು ಸಂತೋಷಪಡುವಷ್ಟರಲ್ಲಿ ಹಣೆಗೆ ತೊಲೆ ಬಡಿಯಿತು.

ಒಳಗೆ ಸಾಲಾಗಿ ಲಾರ್ಚಿನ ಗೂಟಗಳು ನಿಂತಿದ್ದವು. ಇಷ್ಟು ಓಕ್ ಇರುವ ಊರಲ್ಲಿ ಈ ಮೆದು ಮರವನ್ನು ಯಾಕೆ ಹಾಕುತ್ತೀರಿ ಎಂದು ಕೇಳಿದೆ. ನಮ್ಮಲ್ಲಿ ಬೀಟೆ, ತೇಗ, ಹೊನ್ನೆ ಎಂದು ಗಟ್ಟಿ ಮರಕ್ಕೇ ಮರ್ಯಾದೆ, ಮೆದು ಮರ ಬೆಂಕಿಕಡ್ಡಿಗೆ. ಅಜ್ಜ ಗೂಟದ ಮೇಲೆ ಕೈಯಿಟ್ಟು, ಓಕು ದೊಡ್ಡ ಮನುಷ್ಯರ ಹಾಗೆ, ತಡೆಯುವಷ್ಟು ತಡೆದು ಒಂದೇ ಸಲ ಮುರಿಯುತ್ತದೆ ಎಂದರು. ಲಾರ್ಚಿಗೆ ಭಾರ ಹೆಚ್ಚಾದರೆ ಮುಂಚೆಯೇ ಕಿರುಗುಟ್ಟುತ್ತದೆ, ಓಡಿಹೋಗಲು ಸಮಯ ಕೊಡುತ್ತದೆ. ಇಪ್ಪತ್ತು ವರ್ಷ ಮರ ಅಳೆದ ನಾನು ಮರದ ಕಿರುಗುಟ್ಟುವಿಕೆಗೂ ಬೆಲೆ ಇದೆ ಎಂದು ಆ ದಿನ ಕಲಿತೆ. ಆಮೇಲೆ ಅಲ್ಲಿದ್ದಷ್ಟು ಹೊತ್ತು ನನ್ನ ಕಿವಿ ಆ ಗೂಟಗಳ ಮೇಲೆಯೇ ಇತ್ತು.

ದೊಡ್ಡ ಗಣಿಗಳನ್ನೆಲ್ಲ ಸರ್ಕಾರ ತೆಗೆದುಕೊಂಡಿದೆ, ನಿಮ್ಮದನ್ನು ಯಾಕೆ ಬಿಟ್ಟರು ಎಂದು ಕೇಳಿದ್ದಕ್ಕೆ ಅಜ್ಜ ಎದೆ ಸೆಟೆದು ತಮ್ಮ ಹಕ್ಕಿನ ಕತೆ ಹೇಳಿದರು. ಈ ಕಾಡಿನ ಎಲ್ಲೆಯೊಳಗೆ ಹುಟ್ಟಿದ ಗಂಡಸು, ಇಪ್ಪತ್ತೊಂದು ತುಂಬಿದವನು, ಇಲ್ಲಿನ ಗಣಿಯಲ್ಲಿ ಒಂದು ವರ್ಷದ ಮೇಲೆ ಒಂದು ದಿನ ದುಡಿದವನು ತನ್ನ ಹೆಸರು ಬರೆಸಿ, ತನಗೆಂದು ಒಂದು ತುಂಡು ಕಲ್ಲಿದ್ದಲು ಕೇಳಬಹುದು. ಹಣವಿದ್ದು ಪ್ರಯೋಜನವಿಲ್ಲ, ಓದಿದ್ದು ಪ್ರಯೋಜನವಿಲ್ಲ. ಎಲ್ಲೆಯೊಳಗೆ ಹುಟ್ಟಿರಬೇಕು. ಯಾವುದೋ ರಾಜನ ಯುದ್ಧದಲ್ಲಿ ಇವರ ಹಿರಿಯರು ಶತ್ರುಕೋಟೆಯ ಬುಡ ಅಗೆದುಕೊಟ್ಟರಂತೆ, ಅದಕ್ಕೆ ರಾಜ ಕೊಟ್ಟದ್ದಂತೆ. ಯಾವ ರಾಜ ಎಂದರೆ ಅಜ್ಜನಿಗೂ ಗೊತ್ತಿಲ್ಲ.

ನನಗೆ ನಗು ಬಂದರೂ ನಗಲಿಲ್ಲ. ನಾವೇನು ಕಡಿಮೆಯೇ? ಹಿರಿಯರು ಯಾವುದೋ ರಾಜನಿಗೆ ಸೇವೆ ಮಾಡಿದ್ದಕ್ಕೆ ಬಂದ ಜಮ್ಮಾ ಭೂಮಿಯ ಮೇಲೆ ಕೂತುಕೊಂಡು, ಲೈಸನ್ಸಿಲ್ಲದ ಕೋವಿಯನ್ನು ಗೋಡೆಗೆ ನೇತುಹಾಕಿಕೊಂಡು, ಮದುವೆಮನೆಯಲ್ಲಿ ಅದರದೇ ಮಾತಾಡುವವರು. ನಾನು ನಮ್ಮ ಜಮ್ಮಾದ ವಿಷಯ ಹೇಳಿದೆ. ಅಜ್ಜ ಕತ್ತಲಲ್ಲೇ ನನ್ನ ಕೈ ಕುಲುಕಿದರು. ಏಳು ಕುರಿಗಳ ತಪ್ಪು ಆವತ್ತು ಮಾಫಿ ಆಯಿತು.

ಭಾನುವಾರ

ಭಾನುವಾರ ನಾನು ಕಾಫಿ ಮಾಡಿದೆ. ಶೋಧಿಸಲು ಬಟ್ಟೆ ಬೇಕೆಂದಾಗ ಎಡಿತಮ್ಮ ಹಣ್ಣಿನ ರಸ ಬಸಿಯುವ ಚೀಲ ಕೊಟ್ಟರು. ಅದರಲ್ಲಿ ಹಳೆಯ ಹಣ್ಣಿನ ವಾಸನೆ ಉಳಿದಿತ್ತು. ಸಕ್ಕರೆ ಇನ್ನೂ ರೇಶನ್ನು, ನನ್ನ ಪಾಲಿನದನ್ನೆಲ್ಲ ಸುರಿದೆ. ಅಜ್ಜ ಒಂದು ಗುಟುಕು ಕುಡಿದು ಬಹಳ ಹೊತ್ತು ಯೋಚಿಸಿ, ಬಾಗಿಲಿನ ಕೀಲಿಗೆ ಎಣ್ಣೆ ಹಾಕುವ ಬದಲು ಇದನ್ನೂ ಹಾಕಬಹುದು ಎಂದರು. ಎಡಿತಮ್ಮ ಮಾತ್ರ ಪೂರ್ತಿ ಕುಡಿದು, ಎರಡು ಗಂಟೆಯಲ್ಲಿ ಇಡೀ ಮನೆ ತಿಕ್ಕಿ ತೊಳೆದರು. ಅವರಿಗೆ ಆಮೇಲೆ ಪ್ರತಿ ಭಾನುವಾರ ಬೇಕಾಯಿತು. ಹೆಂಡತಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಆ ಭಾನುವಾರವೇ ಅಜ್ಜನ ಚಿಂತೆ ನನಗೆ ತಿಳಿದದ್ದು. ಅವರ ಒಬ್ಬನೇ ಮಗ ಟಾಮ್ ನದಿಯಾಚೆ, ವೇಲ್ಸಿನ ಒಂದು ದೊಡ್ಡ ಗಣಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ, ಹೆಂಡತಿ ಐವಿಯೊಂದಿಗೆ ಅಲ್ಲೇ ಸಂಸಾರ. ಐವಿ ಈಗ ತುಂಬು ಬಸುರಿ. ಮಗು ಅಲ್ಲೇ ಹುಟ್ಟಿಬಿಟ್ಟರೆ? ಟಾಮನಿಗೆ ಹುಟ್ಟುಹಕ್ಕು ಇದೆ, ಆದರೆ ಅವನಿಗೆ ತಿಂಗಳ ಸಂಬಳವೇ ಹಿತ. ಅಜ್ಜನ ಅಪ್ಪ, ಅಜ್ಜ, ಮುತ್ತಜ್ಜ ಕೊರೆದ ಆ ಗುಡ್ಡದ ಬುಡದ ಬಾಗಿಲಿಗೆ ಮುಂದಿನ ಕೈ ಎಂದರೆ ಈ ಮೊಮ್ಮಗನೇ. ಅವನು ನದಿಯ ಆಚೆ ದಡದಲ್ಲಿ ಹುಟ್ಟಿದರೆ ನಾಲ್ಕು ತಲೆಮಾರಿನ ಗಣಿಗೆ ಅಲ್ಲಿಗೇ ಚಿಲಕ.

ಅಜ್ಜ ಮೊಮ್ಮಗನಿಗೆಂದು ಒಂದು ಪುಟ್ಟ ಪಿಕಾಸಿಗೆ ಮರದ ಕಾವು ಕೂಡ ಕೆತ್ತಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ನಮ್ಮ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಎಡಿತಮ್ಮನಿಗೆ ಅದು ಬಹಳ ಇಷ್ಟವಾಗಿ, ದಿನಕ್ಕೆರಡು ಸಲ ಗಂಡನಿಗೆ ಹೇಳತೊಡಗಿದರು.

ಐವಿಯನ್ನು ಹೆರಿಗೆಗೆ ಇಲ್ಲಿಗೇ ಕರೆತರುವುದೆಂದು ತೀರ್ಮಾನವಾಗಿತ್ತು. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಕಾಡಿನ ಗೂಟಗಳನ್ನು ವೇಲ್ಸಿನ ಗಣಿಗಳಿಗೆ ಸಾಗಿಸುವ ಲಾರಿ ಗುರುವಾರ ಆ ಊರಿಗೇ ಹೋಗುವುದಿತ್ತು, ಬರುವಾಗ ಖಾಲಿ. ಡ್ರೈವರು ಲೆನ್ ಅಜ್ಜನಿಗೆ ಗೊತ್ತಿದ್ದವನು. ಅಜ್ಜ, ಎಡಿತಮ್ಮ ಇಬ್ಬರೂ ಹೊರಟರು, ಗೂಟಗಳನ್ನು ಅಲ್ಲಿ ಹೇಗೆ ಅಳೆದು ತೆಗೆದುಕೊಳ್ಳುತ್ತಾರೆ ಎಂದು ನೋಡಲು ನಾನೂ ಹೊರಟೆ.

ಗುರುವಾರ, ನದಿಯಾಚೆ

ವೈ ನದಿಯನ್ನು ದಾಟುವುದು ಒಂದು ಹಳೆಯ ಕಬ್ಬಿಣದ ಸೇತುವೆಯ ಮೇಲೆ. ಒಂದೇ ಗಾಡಿ ಹೋಗುವಷ್ಟು ಅಗಲ, ನಡುವೆ ಸ್ವಲ್ಪ ಉಬ್ಬು. ಈ ನದಿಯೇ ಕಾಡಿನ ಎಲ್ಲೆ, ಇದೇ ಎರಡು ದೇಶಗಳ ಗಡಿ. ಗೇಟಿಲ್ಲ, ಪೊಲೀಸಿಲ್ಲ, ಬೋರ್ಡೂ ಇಲ್ಲ. ಮಾಕುಟ್ಟದಲ್ಲಿ ಕೊಡಗಿನಿಂದ ಮಲಬಾರಿಗೆ ಇಳಿಯುವಾಗ ಇರುವ ಗೇಟು, ಹಗ್ಗ, ಪುಸ್ತಕ, ಸಹಿ ಇವುಗಳನ್ನು ನೆನೆದು, ಇವರು ಕದ್ದು ಸಾಗಿಸುವ ಮರವನ್ನು ಹೇಗೆ ಹಿಡಿಯುತ್ತಾರಪ್ಪಾ ಎಂದುಕೊಂಡೆ.

ಟಾಮ್ ಪಾಳಿಯಲ್ಲಿದ್ದ, ಸಿಗಲಿಲ್ಲ. ಐವಿ ಪೆಟ್ಟಿಗೆ ಕಟ್ಟಿಕೊಂಡು ಕಾಯುತ್ತಿದ್ದಳು. ಕೆಂಪು ಕೆನ್ನೆಯ, ಅಗಲ ಭುಜದ ಹೆಣ್ಣು. ಕಾಡಿನವಳಲ್ಲ, ದೊಡ್ಡ ಪಟ್ಟಣದಲ್ಲಿ ಹುಟ್ಟಿದವಳು. ಯುದ್ಧದಲ್ಲಿ ಗಂಡಸರೆಲ್ಲ ಸೈನ್ಯಕ್ಕೆ ಹೋದಾಗ ಮರ ಕಡಿಯಲು ಹುಡುಗಿಯರನ್ನು ಸೇರಿಸಿಕೊಂಡರಂತೆ. ಹಾಗೆ ಬಂದವಳು, ಟಾಮನನ್ನು ಕಂಡು ಉಳಿದವಳು. ಅವಳ ಕೆಲಸ ಏನಿತ್ತು ಎಂದು ಕೇಳಿದೆ. ಅಳತೆ ಎಂದಳು. ನಾನು ನನ್ನ ಟೇಪು ತೆಗೆದು ತೋರಿಸಿದೆ. ಅವಳು ಅದರ ಚರ್ಮದ ಗೂಡನ್ನು ತಿರುಗಿಸಿ ನೋಡಿ, ತುದಿಯ ಬಳೆ ಎಷ್ಟು ಸವೆದಿದೆ, ಆ ಸವೆತವನ್ನು ಲೆಕ್ಕಕ್ಕೆ ಹಿಡಿಯುತ್ತೀರಾ ಎಂದು ಕೇಳಿದಳು. ಇಪ್ಪತ್ತು ವರ್ಷದಲ್ಲಿ ನನ್ನ ಮೇಲಿನ ಯಾವ ಸಾಹೇಬರೂ ಕೇಳಿರದ ಪ್ರಶ್ನೆ. ನಾವು ಸುತ್ತಳತೆ, ತೊಗಟೆಗೆಂದು ಕಳೆಯುವ ಲೆಕ್ಕ, ಪೊಳ್ಳು ಮರ ಎಂದು ಅರ್ಧ ಗಂಟೆ ಮಾತಾಡಿದೆವು.

ಹುಟ್ಟುಹಕ್ಕಿನ ಬಗ್ಗೆ ಮಾತ್ರ ಅವಳಿಗೆ ಅಷ್ಟೇನೂ ಉತ್ಸಾಹವಿರಲಿಲ್ಲ. ತನಗೆ ಬೇಕಾದದ್ದು ಬಿಸಿನೀರು, ಒಗೆದ ಬಟ್ಟೆ ಮತ್ತು ಎಡಿತಮ್ಮನ ಕೈ, ಕೆಳಗಿನ ಮಣ್ಣು ಯಾವುದಾದರೇನು ಎಂದಳು. ಅತ್ತೆ ಊರಲ್ಲಿ ಹತ್ತಾರು ಹೆರಿಗೆ ಮಾಡಿಸಿದವರು, ಅವರ ಮೇಲಿನ ನಂಬಿಕೆಯಿಂದ ಹೊರಟಿದ್ದಳು.

ಲಾರಿಯ ಮುಂದೆ ಲೆನ್, ಎಡಿತಮ್ಮ, ಐವಿ ಕೂತರು. ಹಿಂದಿನ ಖಾಲಿ ಹಲಗೆಯ ಮೇಲೆ ಅಜ್ಜ ಮತ್ತು ನಾನು ಒಂದೇ ಟಾರ್ಪಾಲು ಹೊದ್ದುಕೊಂಡೆವು. ಸಣ್ಣ ಮಳೆ. ಸುಮಾರು ದೂರ ಬಂದಿದ್ದೆವು, ಎಡಿತಮ್ಮ ಹಿಂದಿನ ಗಾಜಿಗೆ ಬೆರಳಿನಿಂದ ಬಡಿದರು. ಲಾರಿ ನಿಂತಿತು. ನೋವು ಶುರುವಾಗಿದೆ, ಮೂರು ವಾರ ಎಂದ ಡಾಕ್ಟರಿಗೆ ಎಣಿಸಲು ಬರುವುದಿಲ್ಲ ಎಂದರು. ಹಿಂದೆ ಬಿಟ್ಟುಬಂದ ಊರಿನ ಆಸ್ಪತ್ರೆಗೆ ತಿರುಗುವುದೋ, ಮುಂದೆ ಹೋಗುವುದೋ? ಸೇತುವೆ ಎಂದು ಅಜ್ಜ ಹೇಳಿದರೆ ಸೊಸೆಗಿಂತ ಕಲ್ಲಿದ್ದಲು ಹೆಚ್ಚಾಯಿತು ಎಂದಾಗುತ್ತದೆ, ಆಸ್ಪತ್ರೆ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಕೊನೆಗೆ ಹೇಳಿದವರು ಎಡಿತಮ್ಮ. ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ, ಮೊದಲ ಹೆರಿಗೆ, ಸಮಯವಿದೆ, ಹೋಗು ಲೆನ್ ಎಂದರು. ಅಜ್ಜ ಟಾರ್ಪಾಲಿನೊಳಗೆ ನನ್ನ ಮೊಣಕೈ ಹಿಡಿದವರು ನದಿ ಕಾಣುವವರೆಗೆ ಬಿಡಲಿಲ್ಲ.

ಸೇತುವೆಯ ಮೇಲೆ

ಸೇತುವೆ ಕಂಡಾಗ ಅಜ್ಜ ಎದ್ದು ನಿಂತರು. ಲಾರಿ ಸೇತುವೆಗೆ ಏರಿತು. ನಡುವಿನ ಉಬ್ಬು ಇನ್ನೇನು ಬರಬೇಕು, ಲೆನ್ ಗಕ್ಕನೆ ಬ್ರೇಕು ಹಾಕಿದ, ನಾವಿಬ್ಬರೂ ಕ್ಯಾಬಿಗೆ ಬಡಿದುಕೊಂಡೆವು. ಎದುರಿನ ದಡದಿಂದ ಬಂದ ಕುರಿಗಳು ಸೇತುವೆಯ ಟಾರಿನ ಮೇಲೆ ಮಲಗಿದ್ದವು. ಎಂಜಿನ್ನು ಒಂದು ಸಲ ಕೆಮ್ಮಿ ಆರಿಹೋಯಿತು. ಲೆನ್ ಇಳಿದು ಹ್ಯಾಂಡಲು ತಿರುಗಿಸಿದ, ಬೈದ, ಮತ್ತೆ ತಿರುಗಿಸಿದ. ಏಳಲಿಲ್ಲ.

ಅಜ್ಜ ಕುರಿಗಳ ಮೇಲೆ ಬಿದ್ದರು. ಅಷ್ಟು ವಯಸ್ಸಿನ ಮನುಷ್ಯ ಟೊಪ್ಪಿ ಬೀಸುತ್ತಾ ಕುಣಿದದ್ದನ್ನು ನೋಡಿ ಒಂದೆರಡು ಕುರಿಗಳು ಎದ್ದು ಬದಿಗೆ ಸರಿದವು. ತಳ್ಳಿ ಎಂದರು. ಮೂವರೂ ಹಿಂದೆ ಹೋಗಿ ಭುಜ ಕೊಟ್ಟೆವು. ಏರು. ಲಾರಿ ಒಂದು ಅಡಿ, ಎರಡು ಅಡಿ, ತೆವಳಿತು. ಸಾಹೇಬರ ಕೋಟಿನ ಬೆನ್ನು ಹರಿದ ಸದ್ದು ಕೇಳಿಸಿತು. ಹತ್ತು ಹನ್ನೆರಡು ಅಡಿ ಹೋಗಿರಬೇಕು, ಒಳಗಿಂದ ಎಡಿತಮ್ಮ ನಿಲ್ಲಿಸಿ ಎಂದು ಕೂಗಿದರು, ಇನ್ನು ಒಂದು ಕುಲುಕೂ ಆಗಬಾರದು ಎಂದರು. ನಾನು ಲಾರಿಯಲ್ಲಿ ಉಳಿದಿದ್ದ ಗೂಟದ ತುಂಡುಗಳನ್ನು ಗಾಲಿಗೆ ಅಡ್ಡ ಕೊಟ್ಟೆ. ಅಲ್ಲಿಗೆ ಲಾರಿ ಎಲ್ಲಿ ನಿಂತಿತೋ ಅಲ್ಲೇ ಮಗುವಿನ ಜನ್ಮಸ್ಥಳ.

ಆದರೆ ಅದು ಎಲ್ಲೆಯ ಒಳಗೋ ಹೊರಗೋ? ಸೇತುವೆಯಲ್ಲಿ ಗುರುತಿಲ್ಲ. ಲೆನ್ ಒಳಗೆ ಎಂದ, ಮರುಕ್ಷಣ ತಲೆ ಕೆರೆದುಕೊಂಡ. ಅಜ್ಜ ನನ್ನ ಜೇಬನ್ನು ನೋಡಿದರು. ನಾನು ಟೇಪು ತೆಗೆದೆ. ಈ ಕೆಲಸ ನನಗೆ ಹೊಸದಲ್ಲ. ಮಾಕುಟ್ಟದ ಕೆಳಗಿನ ಸೇತುವೆಯ ಮೇಲೆ ಮರದ ಲಾರಿ ಕೆಟ್ಟು ನಿಂತು, ಮರ ಕೊಡಗಿನದೋ ಮಲಬಾರಿನದೋ ಎಂದು ಎರಡು ಕಡೆಯವರೂ ಜಗಳಕ್ಕೆ ನಿಂತಾಗ ನಾನು ಸೇತುವೆಯನ್ನೇ ಅಳೆದು ಅರ್ಧ ಮಾಡಿದ್ದೆ.

ಒಳಗೆ ಐವಿ ನರಳುತ್ತಿದ್ದಳು. ಹೊರಗೆ ಗಂಡಸರಿಗೆ ಮಾಡಲು ಬೇರೆ ಏನೂ ಇರಲಿಲ್ಲ. ಅಜ್ಜ ಒಂದು ತುದಿ ಹಿಡಿದರು, ನಾನು ಇನ್ನೊಂದು. ನನ್ನ ಟೇಪು ಅರುವತ್ತಾರು ಅಡಿಯ ಉಕ್ಕಿನ ಪಟ್ಟಿ, ಮೂರು ಸಲ ಎಳೆದೆವು. ಸೇತುವೆ ಈ ದಡದಿಂದ ಆ ದಡಕ್ಕೆ ನೂರ ಅರುವತ್ತೆರಡು ಅಡಿ. ಎಲ್ಲೆ ಹಾಯುವುದು ನದಿಯ ನಡುವೆ, ನಡು ಎಂದರೆ ಎಂಬತ್ತೊಂದು. ವೇಲ್ಸಿನ ಕಡೆಯಿಂದ ಒಂದು ಪೂರ್ತಿ ಟೇಪು ಅಳೆದು ಮರಕ್ಕೆ ಗುರುತು ಹಾಕುವ ಮೇಣದ ಬಳಪದಿಂದ ಗೀಟು ಎಳೆದೆ. ಆ ಗೀಟಿನಿಂದ ಐವಿಯ ಸೀಟಿನವರೆಗೆ ಹದಿನೈದು ಅಡಿಗಿಂತ ಹೆಚ್ಚು ಬಂದರೆ ಒಳಗೆ, ಕಡಿಮೆಯಾದರೆ ಹೊರಗೆ. ಕಣ್ಣಳತೆಗೆ ಎರಡೂ ಇರಬಹುದಿತ್ತು. ಲೆನ್ ಕೊಟ್ಟ ಒಂದು ನಟ್ಟನ್ನು ದಾರಕ್ಕೆ ಕಟ್ಟಿ, ಕ್ಯಾಬಿನ ಹೊರಬದಿಯಲ್ಲಿ ಅವಳ ಸೀಟಿನ ನೇರಕ್ಕೆ ಇಳಿಬಿಟ್ಟೆ.

ಆಗ ಅಜ್ಜ ನನ್ನ ಹತ್ತಿರ ಬಂದರು. ಮುಖ ಮಳೆಯಲ್ಲಿ ನೆನೆದಿತ್ತು.

"ಮಾರಾಯ, ಸುಳ್ಳು ಹೇಳು ಅಂತ ನಾನು ಹೇಳುದಿಲ್ಲ," ಎಂದರು. "ಆದ್ರೆ ನನ್ನ ಕೈ ನಡುಗ್ತಾ ಉಂಟು ನೋಡು. ಟೇಪು ನಡುವಲ್ಲಿ ಸ್ವಲ್ಪ ಜೋತು ಬಿದ್ರೆ ಯಾರ ತಪ್ಪು?"

ಜೋತುಬಿದ್ದ ಟೇಪು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನಮ್ಮೂರ ಮರದ ವ್ಯಾಪಾರಿಗಳು ಸುತ್ತಳತೆ ಕಡಿಮೆ ಬರಲೆಂದು ಟೇಪನ್ನು ಬಿಗಿ ಎಳೆಯಿರಿ ಸ್ವಾಮೀ ಎಂದು ಗೋಗರೆಯುತ್ತಾರೆ, ಇಲ್ಲಿ ಸಡಿಲ ಬಿಡಲು ಹೇಳುತ್ತಿದ್ದಾರೆ. ವ್ಯಾಪಾರಿಗಳಿಗೆ ಇಲ್ಲ ಎನ್ನುವುದು ಸುಲಭ. ಈ ಅಜ್ಜನಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಬಿಟ್ಟುಬಿಡೋಣ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಒಂದು ಬೊಗಸೆ ಕಲ್ಲಿದ್ದಲಿಗೆ ಯಾರ ಗಂಟು ಹೋಗುತ್ತದೆ?

ಅಷ್ಟರಲ್ಲಿ ಮಗು ಅತ್ತಿತು.

ಲೆನ್ ಕುಣಿದ. ಅಜ್ಜ ಟೇಪಿನ ತುದಿ ಹಿಡಿದುಕೊಂಡೇ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕ್ಯಾಬಿನ ಬಾಗಿಲು ತೆರೆದು ಎಡಿತಮ್ಮ ಬಗ್ಗಿ, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಆಮೇಲೆ ಗಂಡನ ಮುಖ ನೋಡಿ ಮೆಲ್ಲಗೆ, ಹೆಣ್ಣು ಎಂದರು.

ಇಷ್ಟು ದಿನ ಎಲ್ಲೆ, ನದಿ, ಲಾರಿ, ಸೇತುವೆ ಎಂದು ತಲೆ ಕೆಡಿಸಿಕೊಂಡ ನಾವು ಮೂವರು ಗಂಡಸರಲ್ಲಿ ಒಬ್ಬನಿಗೂ ಈ ಇನ್ನರ್ಧ ಸಾಧ್ಯತೆ ಹೊಳೆದೇ ಇರಲಿಲ್ಲ. ಹುಟ್ಟುಹಕ್ಕು ಗಂಡಸಿಗೆ ಮಾತ್ರ. ಸೇತುವೆಯ ನಡುವೆ ಹುಟ್ಟಲಿ, ರಾಜನ ಮಂಚದ ಮೇಲೆ ಹುಟ್ಟಲಿ, ಹುಡುಗಿಗೆ ಅದು ಇಲ್ಲ. ಅಜ್ಜನ ಕೈಯಿಂದ ಟೇಪಿನ ತುದಿ ಜಾರಿ ರಸ್ತೆಯ ಮಳೆನೀರಿನಲ್ಲಿ ಬಿತ್ತು. ಅವರು ಸೇತುವೆಯ ಕಂಬಿ ಹಿಡಿದು ನದಿ ನೋಡುತ್ತಾ ನಿಂತರು. ನಾನು ಏನೂ ಯೋಚಿಸದೆ ಟೇಪು ಸುತ್ತತೊಡಗಿದೆ. ನಮ್ಮ ಕಡೆ ಗಂಡು ಹುಟ್ಟಿದರೆ ಕೋವಿ ಹಾರಿಸುತ್ತಾರೆ, ಹೆಣ್ಣಾದರೆ ಕೋವಿ ಗೋಡೆಯಲ್ಲೇ ಇರುತ್ತದೆ. ನನ್ನ ಕೈಗೂ ಅದೇ ಅಭ್ಯಾಸ.

"ಕುಶ್, ಅಳತೆ ಮುಗೀತಾ?" ಒಳಗಿಂದ ಐವಿಯ ದನಿ. ಕಿಟಕಿ ತೆರೆದೇ ಇತ್ತು, ಆಗಿನಿಂದ ಎಲ್ಲ ಅವಳಿಗೆ ಕೇಳಿಸಿತ್ತು.

ಇನ್ನು ಬೇಡವಲ್ಲ ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

"ಯಾಕೆ ಬೇಡ?" ಎಂದಳು. ಮುಖ ಬಿಳಿಚಿತ್ತು, ಮಗು ಎಡಿತಮ್ಮನ ಸ್ವೆಟರಿನೊಳಗೆ ಸುತ್ತಿಕೊಂಡು ಅವಳ ಎದೆಯ ಮೇಲಿತ್ತು. "ಕಾನೂನು ಇವತ್ತಿಂದು. ಇವಳಿಗೆ ಇಪ್ಪತ್ತೊಂದು ತುಂಬ್ಲಿಕ್ಕೆ ಇನ್ನೂ ಇಪ್ಪತ್ತೊಂದು ವರ್ಷ ಉಂಟು. ಅಷ್ಟರಲ್ಲಿ ಎಂತ ಆಗ್ತದೆ ಅಂತ ಯಾರಿಗೆ ಗೊತ್ತು? ಅಳೆದು ಬರೆದು ಕೊಡಿ."

ಅವಳು ಉಸಿರು ತೆಗೆದುಕೊಂಡಳು.

"ಮಾವ, ತುದಿ ನೀವೇ ಹಿಡೀರಿ. ಬಿಗಿ ಹಿಡೀರಿ. ಯುದ್ಧದಲ್ಲಿ ನಾನು ಅಳೆದ ಒಂದೊಂದು ಮರವನ್ನೂ ಒಬ್ಬ ಗಂಡಸು ಬಂದು ಮತ್ತೆ ಅಳೀತಿದ್ದ. ಸಡಿಲ ಬಿಟ್ಟ ಅಳತೆ ಹುಡುಗ್ರಿಗೆ ನಡೀತದೆ. ಇವಳಿಗೆ ನಡಿಯುದಿಲ್ಲ."

ಅಜ್ಜ ಕಂಬಿ ಬಿಟ್ಟು ತಿರುಗಿದರು. ಸೊಸೆಯನ್ನು ನೋಡಿದರು. ಆಮೇಲೆ ಬಗ್ಗಿ, ನೀರಿನಿಂದ ಟೇಪಿನ ತುದಿ ಎತ್ತಿ, ಅಂಗಿಗೆ ಒರೆಸಿ, ಗೀಟಿನ ಮೇಲೆ ಮಂಡಿಯೂರಿ ಇಟ್ಟರು. ನಾನು ಎಳೆದೆ. ಅವರು ತಮ್ಮ ಕಡೆಗೆ ಎಳೆದರು. ಅವರ ಕೈ ಈಗ ನಡುಗುತ್ತಿರಲಿಲ್ಲ. ಟೇಪು ತಂತಿಯ ಹಾಗೆ ನಿಂತಿತು. ನಟ್ಟು ಅಲುಗದೆ ನಿಲ್ಲುವವರೆಗೆ ಕಾದು ಓದಿದೆ. ಬಳೆಯ ಸವೆತವನ್ನೂ ಕಳೆದೆ. ಹದಿನಾರು ಅಡಿ ಎರಡು ಇಂಚು. ಎಲ್ಲೆಯ ಒಳಗೆ, ಹದಿನಾಲ್ಕು ಇಂಚು.

ಅಜ್ಜ ಮತ್ತೊಮ್ಮೆ ಓದು ಎಂದರು. ಮತ್ತೊಮ್ಮೆ ಅಳೆದೆವು, ಅಷ್ಟೇ ಬಂತು. ಲೆನ್ ಇಣುಕಿ ನೋಡಿ ತಲೆಯಾಡಿಸಿದ. ನಾನು ನನ್ನ ಪುಸ್ತಕದ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಎಲ್ಲ ಬರೆದು, ಅಭ್ಯಾಸಬಲದಿಂದ ಕೆಳಗೆ ಕನ್ನಡದಲ್ಲೂ ಬರೆದು, ಫಾರೆಸ್ಟರ್, ತಿತಿಮತಿ, ಕೊಡಗು ರಾಜ್ಯ ಎಂದು ಸಹಿ ಹಾಕಿದೆ. ಲೆನ್ ಸಾಕ್ಷಿ ಹಾಕಿದ. ನನ್ನ ನೌಕರಿಯಲ್ಲಿ ನಾನು ಬರೆದ ಅಳತೆಗಳೆಲ್ಲ ಬಿದ್ದ ಮರದ್ದು. ನಿಂತು ಬೆಳೆಯುವುದಕ್ಕೆ ಬರೆದದ್ದು ಇದೊಂದೇ.

ಅಜ್ಜ ಚೀಟಿ ತೆಗೆದುಕೊಂಡು ಕ್ಯಾಬಿನ ಬಾಗಿಲಿಗೆ ಹೋದರು. ಟೊಪ್ಪಿ ತೆಗೆದರು. ಚೀಟಿಯನ್ನು ಐವಿಗೂ ಕೊಡಲಿಲ್ಲ, ಎಡಿತಮ್ಮನಿಗೂ ಕೊಡಲಿಲ್ಲ, ಸ್ವೆಟರಿನ ಮಡಿಕೆಯನ್ನು ಒಂದು ಬೆರಳಿನಿಂದ ಸರಿಸಿ, ಇನ್ನೂ ಕಣ್ಣು ಬಿಡದ ಆ ಮುಖದ ಮುಂದೆ ಹಿಡಿದರು.

"ಇದು ನಿಂದು," ಎಂದರು.

ಆಮೇಲೆ ಮೂಗು ಒರೆಸಿಕೊಂಡು ಲಾರಿಯ ಹಿಂದೆ ಬಂದು, ನನ್ನ ಪಕ್ಕದಲ್ಲಿ ಭುಜ ಕೊಟ್ಟು, ಮೆಲ್ಲಗೆ ತಳ್ಳಬೇಕು ಎಂದು ನಮಗೆ ಹೇಳಿದರು.